ಹಿಂದಿನ ಸೀಟಿನಿಂದ ಟೋಲ್ ಕಟ್ಟಿದ ಅಮ್ಮ

ಮಲೇಶಿಯಾಕ್ಕೆ ಬಂದು ಕೆಲವು ವರ್ಷ ನಾನು ಟೋಲ್ ಗೇಟನ್ನು ನೋಡಿದ್ದು ಪಕ್ಕದ ಸೀಟಿನಿಂದ ಮಾತ್ರ. ನನ್ನ ಕೆಲಸ ನಿಲಾಯ್‌ನ ಮೆಡಿಕಲ್ ಕಾಲೇಜೊಂದರಲ್ಲಿ, ಫಿಸಿಯಾಲಜಿ ಪಾಠ. ಮನೆ ಪೆಟಾಲಿಂಗ್ ಜಯಾದಲ್ಲಿ, ಗಂಡನ ಆಫೀಸಿಗೆ ಹತ್ತಿರವೆಂದು ಹಿಡಿದದ್ದು. ನನ್ನಂತೆಯೇ ಮಣಿಪಾಲದಿಂದ ಬಂದಿದ್ದ ನಮ್ಮ ವಿಭಾಗದ ಹಿರಿಯರೊಬ್ಬರು ಅಲ್ಲೇ ಹತ್ತಿರದ ಬಾಂಗ್ಸಾರ್‌ನಲ್ಲಿದ್ದರು. ದಿನಾ ಬೆಳಿಗ್ಗೆ ಅವರ ಕಾರು ನಮ್ಮ ಗೇಟಿನ ಮುಂದೆ ನಿಲ್ಲುತ್ತಿತ್ತು, ನಾನು ಹತ್ತಿ ಕೂರುತ್ತಿದ್ದೆ, ಇಬ್ಬರೂ ಊರಿನ ಸುದ್ದಿ ಮಾತಾಡುತ್ತ ನಿಲಾಯ್ ಸೇರುತ್ತಿದ್ದೆವು. ನಡುವೆ ಟೋಲ್ ಬಂದಾಗ ಅವರು ಮಾತು ನಿಲ್ಲಿಸದೆಯೇ ಕೈ ಹೊರಗೆ ಚಾಚಿ ಕಾರ್ಡ್ ತೋರಿಸಿಬಿಡುತ್ತಿದ್ದರು. ಅದೊಂದು ವಿದ್ಯೆ ಎಂದು ನನಗೆ ಅನ್ನಿಸಿರಲೇ ಇಲ್ಲ.

ಆಮೇಲೆ ಅವರು ನಿಲಾಯ್‌ನಲ್ಲೇ ಮನೆ ಮಾಡಿದರು. ನನಗೆ ಕಾರು ಕಲಿಯದೆ ಗತಿಯಿರಲಿಲ್ಲ.

ಕಲಿಸಿದವರು ಅರವತ್ತು ದಾಟಿದ ಒಬ್ಬ ತಮಿಳರು. ಮೆಲುದನಿಯ ಮನುಷ್ಯ. ನಾನು ಸ್ಟೀರಿಂಗನ್ನು ಕತ್ತು ಹಿಸುಕುವ ಹಾಗೆ ಹಿಡಿದುಕೊಂಡಾಗಲೂ ಅವರು "ಮೆದುವಾ, ಮೆದುವಾ" ಎನ್ನುತ್ತಿದ್ದರು, ನಿಧಾನ ಎಂದರ್ಥ. ಒಂದೇ ಒಂದು ವಿಷಯಕ್ಕೆ ಅವರ ದನಿ ಏರುತ್ತಿತ್ತು. ರಸ್ತೆಯಂಚಿನ ಸಿಮೆಂಟು ಕಟ್ಟೆಯ ಹತ್ತಿರ ಕಾರು ಸರಿದರೆ ಸಾಕು, "ಕರ್ಬ್ ಪಕ್ಕಂ ಪೋಗಾದೇಮ್ಮಾ!" ಎಂದು ಕೂಗುತ್ತಿದ್ದರು, ಕಟ್ಟೆಯ ಪಕ್ಕ ಹೋಗಬೇಡಮ್ಮ ಎಂದು. ಪರೀಕ್ಷೆ ಪಾಸಾಯಿತು. ಬೇರೆಲ್ಲ ಪಾಠ ಮರೆತರೂ ಆ ಕೂಗು ಮಾತ್ರ ಕಿವಿಯಲ್ಲಿ ಉಳಿಯಿತು.

ಇಲ್ಲಿಯ ಟೋಲ್ ಗೇಟುಗಳಲ್ಲಿ ಹಣ ತೆಗೆದುಕೊಳ್ಳಲು ಯಾರೂ ಕೂತಿರುವುದಿಲ್ಲ. ಬಲಗಡೆ ಒಂದು ಕಟ್ಟೆ, ಕಟ್ಟೆಯ ಮೇಲೆ ಒಂದು ಯಂತ್ರ. ಮೊದಲೇ ಹಣ ತುಂಬಿಸಿಟ್ಟ ಕಾರ್ಡನ್ನು ಅದಕ್ಕೆ ತಾಗಿಸಬೇಕು. ಪೀಂ ಎನ್ನುತ್ತದೆ, ಅಡ್ಡಕೋಲು ಮೇಲೇಳುತ್ತದೆ. ಊರೊಳಗಿನ ರಸ್ತೆಗಳಲ್ಲಿ ಒಂದು ಸಲ ತಾಗಿಸಿದರೆ ಮುಗಿಯಿತು. ಉದ್ದದ ಹೆದ್ದಾರಿಯಲ್ಲಿ ಒಳಬರುವಾಗ ಒಂದು ಸಲ, ಹೊರಬೀಳುವಾಗ ಒಂದು ಸಲ ತಾಗಿಸಬೇಕು. ಎಷ್ಟು ದೂರ ಬಂದಿರಿ ಎಂದು ಯಂತ್ರವೇ ನೋಡಿ ಹಣ ಮುರಿದುಕೊಳ್ಳುತ್ತದೆ. ಗಾಜಿಗೆ ಹಚ್ಚುವ ಸ್ಟಿಕ್ಕರೂ ಉಂಟು. ಅದಿದ್ದರೆ ಕಿಟಕಿ ಇಳಿಸುವ ಕೆಲಸವೂ ಇಲ್ಲ. ಗಂಡನ ಕಾರಿಗೆ ಅದಿತ್ತು. ನನಗಾಗಿ ಕೊಂಡ ಹಳೆಯ ಸಣ್ಣ ಕಾರಿಗೆ "ಈ ವಾರ ಹಾಕ್ಸೋಣ, ಬಿಡೇ" ಎನ್ನುತ್ತಲೇ ಇದ್ದರು. ಅವರು ಮೈಸೂರಿನವರು, ಯಾವುದಕ್ಕೂ ಅವಸರವಿಲ್ಲ.

ನನ್ನ ಕಷ್ಟ ಇಷ್ಟೇ: ಕಟ್ಟೆಯ ಭಯಕ್ಕೆ ನಾನು ಯಂತ್ರದಿಂದ ಮಾರು ದೂರದಲ್ಲಿ ಕಾರು ನಿಲ್ಲಿಸುತ್ತಿದ್ದೆ. ಕೈ ಸಾಲುತ್ತಿರಲಿಲ್ಲ. ಬೆಲ್ಟ್ ಬಿಚ್ಚಿ, ಸೊಂಟದವರೆಗೆ ಕಿಟಕಿಯಿಂದ ಹೊರಗೆ ಬಗ್ಗಿದರೂ ಸಾಲುತ್ತಿರಲಿಲ್ಲ. ಕೊನೆಗೆ ಬಾಗಿಲು ತೆಗೆದು ಇಳಿದೇ ಹೋಗಬೇಕು. ಹಿಂದೆ ಕಾರುಗಳ ಸಾಲು. ಇಲ್ಲಿಯ ಜನ ಹಾರ್ನ್ ಹೊಡೆಯುವುದು ಕಡಿಮೆ. ಹೊಡೆದಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು. ಹೊಡೆಯದೆ ಸುಮ್ಮನೆ ಕಾಯುವಾಗ ನಾಚಿಕೆಯೊಂದೇ ಬರುತ್ತಿತ್ತು.

ನನ್ನ ಪಾಡು ಕೇಳಿ ಗಂಡ ಪೆಟ್ರೋಲ್ ಬಂಕಿನಿಂದ ಒಂದು ಪ್ಲಾಸ್ಟಿಕ್ ಕೋಲು ತಂದುಕೊಟ್ಟರು. ನನ್ನಂಥವರಿಗೆಂದೇ ಮಾಡಿದ್ದು, ತುದಿಯಲ್ಲಿ ಕಾರ್ಡ್ ಸಿಕ್ಕಿಸುವ ಜಾಗವಿತ್ತು. ನನಗೆ ಸಮಾಧಾನವಾದದ್ದು, ಇಂಥವಳು ಈ ದೇಶದಲ್ಲಿ ನಾನೊಬ್ಬಳೇ ಅಲ್ಲ ಎಂಬುದು. ಆದರೆ ಆ ಕೋಲು ಚಾಚಿದಾಗಲೆಲ್ಲ ಬಳುಕುತ್ತಿತ್ತು. ಹಿಂದೆ ಕೂತಿದ್ದ ಮಗಳು ಅದನ್ನು ನೋಡಿ, "ಅಮ್ಮಾ, ಯು ಆರ್ ಫಿಶಿಂಗ್ ಲಾ" ಎಂದಳು. ಅವಳಿಗೆ ಹದಿಮೂರು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಕೊನೆಗೊಂದು ಇಲ್ಲಿಯವರ 'ಲಾ' ಸೇರಿಸಿ.

ಹೀಗಿರುವಾಗ ಉಡುಪಿಯಿಂದ ಅಮ್ಮ ಬಂದರು, ಮೂರು ತಿಂಗಳು ಇದ್ದು ಹೋಗಲಿಕ್ಕೆ.

ಅಮ್ಮ ಮುಂದಿನ ಸೀಟಿನಲ್ಲಿ ಕೂರುವವರಲ್ಲ. "ರಸ್ತೆ ಇಡೀ ಮುಖಕ್ಕೇ ಬಂದ ಹಾಗೆ ಆಗ್ತದೆ ಮಾರಾಯ್ತಿ" ಎಂದು ಮೊದಲ ದಿನವೇ ಹಿಂದೆ ಹೋಗಿ ಕೂತರು. ಅದರಲ್ಲೂ ನನ್ನ ಬೆನ್ನ ಹಿಂದೆಯೇ ಕೂತರು, ಎಡಗಡೆ ಬಿಸಿಲು ಬೀಳುತ್ತದೆಂದು. ಕಾಲೇಜು ನೋಡಬೇಕೆಂದು ಹಟ ಹಿಡಿದದ್ದಕ್ಕೆ ಒಂದು ದಿನ ಅವರನ್ನು ಕರೆದುಕೊಂಡು ನಿಲಾಯ್‌ಗೆ ಹೊರಟೆ. ಅಮ್ಮ ನೋಡುತ್ತಿದ್ದಾರೆ ಎಂಬ ಗಾಬರಿಗೋ ಏನೋ, ಆ ದಿನ ಟೋಲ್ ಹತ್ತಿರ ಬ್ರೇಕು ತಡವಾಗಿ ಒತ್ತಿದೆ. ಕಾರು ಯಂತ್ರವನ್ನು ದಾಟಿ ಮುಂದೆ ನಿಂತಿತು, ಮೂತಿ ಎಡಕ್ಕೆ ಸ್ವಲ್ಪ ಓರೆಯಾಗಿ, ಹಿಂಭಾಗ ಕಟ್ಟೆಗೆ ಹತ್ತಿರವಾಗಿ. ನನ್ನ ಕಿಟಕಿಯ ಎದುರು ಬರೀ ಅಡ್ಡಕೋಲು. ಹಿಂದೆ ಸರಿಯೋಣವೆಂದರೆ ಬೆನ್ನಿಗೆ ಒಂದು ಬಸ್ಸು ನಿಂತಿದೆ.

"ಅಯ್ಯೋ ದೇವರೇ" ಎಂದು ನಾನು ಬೆಲ್ಟ್ ಬಿಚ್ಚತೊಡಗಿದೆ.

"ಎಂತ ಮಾಡ್ಬೇಕು ಅದಕ್ಕೆ?" ಅಮ್ಮ ಕೇಳಿದರು.

"ಈ ಕಾರ್ಡ್ ತಾಗಿಸ್ಬೇಕಮ್ಮ, ಅಲ್ಲಿ ಆ ಚಿತ್ರ ಇದೆಯಲ್ಲ, ಅದಕ್ಕೆ."

"ಅದು ನನ್ನ ಮೂಗಿನ ಎದುರೇ ಉಂಟಲ್ಲ. ಕೊಡು ಇಲ್ಲಿ."

ಗಾಜು ಇಳಿಸಿ ಅಮ್ಮ ಕೈ ಚಾಚಿದರು. ಅಮ್ಮ ನನಗಿಂತ ಎತ್ತರ, ಕೈಯೂ ನೀಳ. ಆ ಎತ್ತರ ನನಗೆ ಬರಲಿಲ್ಲ, ಮಗಳಿಗೆ ಬಂದಿದೆ. ಪೀಂ ಎಂದಿತು, ಅಡ್ಡಕೋಲು ಎದ್ದಿತು.

"ಇಷ್ಟೇಯಾ?" ಎಂದರು ಅಮ್ಮ. "ಇದಕ್ಕೆ ನೀನು ಇಷ್ಟು ದಿನದಿಂದ ಫೋನಲ್ಲಿ ಅಳ್ತಾ ಇದ್ದದ್ದಾ?"

ಅಂದಿನಿಂದ ಅಮ್ಮ ಜೊತೆಗಿದ್ದಾಗಲೆಲ್ಲ ಟೋಲ್ ಕಟ್ಟುವ ಕೆಲಸ ಅವರದ್ದಾಯಿತು. ನಾನು ಬೇಕೆಂದೇ ಕಾರನ್ನು ಮುಂದೆ ಒಯ್ದು ಓರೆಯಾಗಿ ನಿಲ್ಲಿಸತೊಡಗಿದೆ. ಹೊರಟ ಕೂಡಲೇ ಕಾರ್ಡ್ ಅಮ್ಮನ ಪರ್ಸಿಗೆ ಹೋಗುತ್ತಿತ್ತು. ಟೋಲ್ ಬರುವ ಮುನ್ನವೇ ಅದನ್ನು ಹೊರತೆಗೆದು, ಸೆರಗಿನಿಂದ ಒರೆಸಿ, ಹಿಡಿದುಕೊಂಡು ತಯಾರಾಗಿರುತ್ತಿದ್ದರು. ತಾಗಿಸಿದ ಮೇಲೆ ಯಂತ್ರದ ಪುಟ್ಟ ಪರದೆಯ ಮೇಲೆ 'ತೆರಿಮಾ ಕಾಸಿಹ್' ಎಂದು ಬರುತ್ತಿತ್ತು. ಹಾಗೆಂದರೆ ಧನ್ಯವಾದ ಎಂದು ನಾನು ಹೇಳಿದ ಮೇಲೆ ಅಮ್ಮ ಅದಕ್ಕೆ "ಆಯ್ತು, ಆಯ್ತು" ಎಂದು ಉತ್ತರ ಕೊಡತೊಡಗಿದರು. ಒಂದು ವಿಷಯ ಮಾತ್ರ ಅವರಿಗೆ ಕೊನೆಯವರೆಗೂ ಸರಿಬರಲಿಲ್ಲ.

"ಹಣ ತಕೊಳ್ಳುವವರ ಮುಖವೇ ಕಾಣುದಿಲ್ಲ. ಮುಖ ನೋಡದೆ ಹಣ ಕೊಡುದು ಹೇಗೆ? ನಮ್ಮಲ್ಲಿ ಟೋಲಿನವರ ಹತ್ರ ಜಗಳ ಮಾಡ್ಲಿಕ್ಕಾದ್ರೂ ಆಗ್ತದೆ."

ಬಂದು ಒಂದೂವರೆ ತಿಂಗಳಾಗಿರಬಹುದು. ಒಂದು ಶುಕ್ರವಾರ ಸಂಜೆ ಅಮ್ಮ ಬಾಲ್ಕನಿಯಲ್ಲಿ ನಿಂತು ಎದುರಿನ ಕಟ್ಟಡಗಳನ್ನು ನೋಡುತ್ತಿದ್ದರು. ಅಮ್ಮ ಹುಟ್ಟಿ ಬೆಳೆದದ್ದು ಮಲ್ಪೆಯ ಹತ್ತಿರ. ಮದುವೆಯಾಗಿ ಬಂದ ಮನೆಯಿಂದಲೂ ಕಡಲು ದೂರವಿಲ್ಲ. "ಇಲ್ಲಿ ಸಮುದ್ರ ಇಲ್ವಾ?" ಎಂದು ಕೇಳಿದರು.

"ಇದೆ. ಪೋರ್ಟ್ ಡಿಕ್ಸನ್ ಅಂತ ಒಂದು ಊರಿದೆ. ನಿಲಾಯ್ ದಾಟಿ, ಸೆರೆಂಬಾನ್ ದಾಟಿ ಹೋಗ್ಬೇಕು. ಇವರು ಬರಲಿ, ಹೋಗೋಣ."

ಗಂಡ ಆ ವಾರ ಕೆಲಸದ ಮೇಲೆ ಸಿಂಗಾಪುರಕ್ಕೆ ಹೋಗಿದ್ದರು, ಸೋಮವಾರ ಬರುವವರಿದ್ದರು.

"ಯಾಕೆ? ನಿನಗೆ ಕಾರು ಬಿಡ್ಲಿಕ್ಕೆ ಬರುದಿಲ್ವಾ?"

"ನಿಲಾಯ್‌ವರೆಗೆ ಬರ್ತದೆ."

"ನಿಲಾಯ್ ಆದ ಮೇಲೆ ರಸ್ತೆ ಬೇರೆಯಾ?"

"ಇಲ್ಲ, ಅದೇ ರಸ್ತೆ."

"ಮತ್ತೆಂತ?"

ಕೆಣಕಿ ಕೇಳಿದ ಪ್ರಶ್ನೆಯಲ್ಲ ಅದು. ಅವರಿಗೆ ನಿಜವಾಗಿಯೂ ಗೊತ್ತಾಗಬೇಕಿತ್ತು. ಆ ರಾತ್ರಿ ಮೊಬೈಲಿನಲ್ಲಿ ದಾರಿಯನ್ನು ಹಿಂದೆ ಮುಂದೆ ಎಳೆದು ಎಷ್ಟೋ ಸಲ ನೋಡಿದೆ. ಅಮ್ಮ ಮಾತ್ರ ಅಡುಗೆಮನೆಯಲ್ಲಿ ಚಕ್ಕುಲಿ ಕರಿಯುತ್ತಿದ್ದರು, ನಾಳೆ ಹೋಗುವುದು ಆಗಲೇ ತೀರ್ಮಾನವಾದ ಹಾಗೆ.

ಶನಿವಾರ ಬೆಳಿಗ್ಗೆ ಹೊರಟೆವು. ಮಗಳು ಕಿವಿಗೆ ಹೆಡ್‌ಫೋನ್ ಹಾಕಿ ಹಿಂದೆ ಎಡಗಡೆ ಕೂತಳು. ಬಲಗಡೆ ಅಮ್ಮ, ನಡುವೆ ಚಕ್ಕುಲಿಯ ಡಬ್ಬಿ. ಊರು ದಾಟಿ ದೊಡ್ಡ ಹೆದ್ದಾರಿಯ ಟೋಲ್ ಬಂತು. ಶನಿವಾರವಾದ್ದರಿಂದ ಗಾಡಿಗಳು ಬಹಳ. ಎಂದಿನಂತೆ ಕಾರನ್ನು ಮುಂದೆ ಒಯ್ದು ಓರೆಯಾಗಿ ನಿಲ್ಲಿಸಿದೆ. ಪೀಂ ಎನ್ನಲಿಲ್ಲ. ಹಿಂದೆ ಏನೋ ತಡಕಾಡುವ ಸದ್ದು, "ಇದೊಂದು ಜಿಪ್ಪು, ಹಾಳಾದ್ದು" ಎಂದು ಅಮ್ಮನ ಗೊಣಗಾಟ.

"ಅಮ್ಮಾ, ಬೇಗ."

"ತಡಿ, ತಡಿ. ಆಯ್ತು."

ಪೀಂ ಎಂದಿತು, ಕೋಲು ಎದ್ದಿತು. ನಾನು ಮುಂದಿನ ರಸ್ತೆಯಿಂದ ಕಣ್ಣು ತೆಗೆಯದೆ ಹೊರಟೆ.

ನಿಲಾಯ್‌ಗೆ ತಿರುಗುವ ಬೋರ್ಡು ಬಂದಾಗ ನನ್ನ ಕೈ ತಾನಾಗಿಯೇ ಎಡಕ್ಕೆ ಎಳೆಯಿತು. ತಿರುಗಲಿಲ್ಲ. ಬೋರ್ಡು ಹಿಂದೆ ಸರಿಯಿತು. ಅಲ್ಲಿಂದಾಚೆ ಎರಡೂ ಕಡೆ ಎಣ್ಣೆತಾಳೆಯ ತೋಟಗಳು, ಅದೇ ಮೂರು ಸಾಲಿನ ರಸ್ತೆ, ಅದೇ ಡಾಂಬರು, ಅವೇ ಲಾರಿಗಳು. ಅಮ್ಮ ಹೇಳಿದ್ದು ಸರಿ, ಏನೂ ಬೇರೆಯಿರಲಿಲ್ಲ. ಆದರೂ ನನಗೆ ಹೊಸದೊಂದು ದೇಶಕ್ಕೆ ಕಾಲಿಟ್ಟ ಹಾಗೆ ಎದೆ ಹಗುರಾಯಿತು. ಹೆದ್ದಾರಿ ಬದಿಯ ತಂಗುದಾಣದಲ್ಲಿ ನಿಲ್ಲಿಸಿ, ಎತ್ತರದಿಂದ ಸುರಿದು ನೊರೆ ಬರಿಸಿದ ಟೀ ಕುಡಿದೆವು. "ನಮ್ಮ ಕಾಪಿಗೆ ಹೀಗೇ ಮಾಡುದಲ್ವಾ, ಇವರಿಗೆ ಯಾರು ಹೇಳಿಕೊಟ್ಟರು?" ಎಂದು ಅಮ್ಮ ಲೋಟ ತಿರುಗಿಸಿ ನೋಡಿದರು. ಹಾಳಾದ ಜಿಪ್ಪನ್ನು ಅಲ್ಲಿಯೇ ಎಳೆದಾಡಿ ಸರಿಮಾಡಿಕೊಂಡು, ನನ್ನ ಕಾರ್ಡನ್ನು ತೆಗೆದು ಕೈಯಲ್ಲೇ ಇಟ್ಟುಕೊಂಡರು.

ಸೆರೆಂಬಾನ್‌ನಲ್ಲಿ ಹೆದ್ದಾರಿಯಿಂದ ಹೊರಬೀಳುವ ಟೋಲ್. ನಿಲ್ಲಿಸಿದೆ. ಅಮ್ಮ ಗಾಜು ಇಳಿಸಿ ಕಾರ್ಡ್ ತಾಗಿಸಿದರು. ಪೀಂ ಎನ್ನುವ ಬದಲು ಗುರ್ ಎಂದಿತು. ಕೆಂಪು ದೀಪ ಹತ್ತಿತು. ಅಮ್ಮ ಕಾರ್ಡನ್ನು ಸೆರಗಿಗೆ ಉಜ್ಜಿ ಮತ್ತೆ ತಾಗಿಸಿದರು. ಮತ್ತೆ ಗುರ್. ಮಗುಚಿ ತಾಗಿಸಿದರು. ಗುರ್.

"ಇದಕ್ಕೆಂತ ಆಯ್ತು ಇವತ್ತು?"

ನಾನು ಇಳಿದು ಹೋಗಿ ನೋಡಿದೆ. ಪರದೆಯ ಮೇಲೆ ಮಲಯದಲ್ಲಿ ಏನೋ ಬರೆದಿತ್ತು, 'ಇಲ್ಲ' ಎಂಬ ಒಂದು ಪದ ಬಿಟ್ಟರೆ ನನಗೆ ತಿಳಿಯಲಿಲ್ಲ. ಸಹಾಯದ ಗುಂಡಿ ಒತ್ತಿದೆ. ಒಳಗಿನಿಂದ ಒಂದು ದನಿ ಪಟಪಟನೆ ಮಾತಾಡಿ ಸುಮ್ಮನಾಯಿತು. ಹಿಂದೆ ತಿರುಗಿ ನೋಡಿದರೆ ಸಾಲು ಬೆಳೆಯುತ್ತಿದೆ. ನಮ್ಮ ಬೆನ್ನಿಗೇ ರಂಬುಟಾನ್ ಹಣ್ಣು ತುಂಬಿದ ಒಂದು ಪಿಕಪ್, ಅದರ ಹಿಂದೆ ಒಂದು ವ್ಯಾನು, ಅದರಾಚೆ ಕಾರುಗಳು. ಯಾರೂ ಹಾರ್ನ್ ಹೊಡೆಯಲಿಲ್ಲ.

ತುಸು ಹೊತ್ತಿಗೆ ತಲೆಗೆ ವಸ್ತ್ರ ಸುತ್ತಿ, ಮೇಲೆ ಹೊಳೆಯುವ ಹಳದಿ ಜಾಕೆಟ್ ಹಾಕಿದ್ದ ಒಬ್ಬ ಹೆಂಗಸು ಕೊಡೆ ಹಿಡಿದು ನಡೆದು ಬಂದರು. ಟೋಲಿನ ಸಿಬ್ಬಂದಿ. ನನ್ನ ವಯಸ್ಸೇ ಇರಬಹುದು. ಕಾರ್ಡ್ ತೆಗೆದುಕೊಂಡು ತಮ್ಮ ಕೈಯಲ್ಲಿದ್ದ ಸಣ್ಣ ಯಂತ್ರಕ್ಕೆ ತಾಗಿಸಿ ನೋಡಿ, "ಕಾಕ್, ಈ ಕಾರ್ಡ್ ಎಂಟ್ರಿ ಇಲ್ಲ" ಎಂಬರ್ಥದ ಮಾತನ್ನು ಅರ್ಧ ಮಲಯ ಅರ್ಧ ಇಂಗ್ಲಿಷಿನಲ್ಲಿ ಹೇಳಿದರು.

ಹಿಂದಿನಿಂದ ಅಮ್ಮ ಕೇಳಿದರು: "ಇವಳು ನಿನಗೆ ಯಾಕೆ ಕಾ ಕಾ ಹೇಳುದು? ನೀನೆಂತ ಕಾಗೆಯಾ?"

"ಕಾಕ್ ಅಂದ್ರೆ ಅಕ್ಕ ಅಂತಮ್ಮ."

"ಓ. ಹಾಗಾದ್ರೆ ಒಳ್ಳೆಯವಳು."

"ಅದರ್ ಕಾರ್ಡ್ ಗಾಟ್ ಆರ್ ನಾಟ್?" ಎಂದು ಆ ಹೆಂಗಸು ನಿಧಾನವಾಗಿ ಕೇಳಿದರು.

"ಇಲ್ಲ, ಒಂದೇ ಕಾರ್ಡ್" ಎಂದೆ. ಅಮ್ಮನ ಕಡೆ ತಿರುಗಿ, "ಅಮ್ಮಾ, ಬೆಳಿಗ್ಗೆ ತಾಗಿಸಿದ್ದು ಇದನ್ನೇ ಅಲ್ವಾ?" ಎಂದು ಕೇಳಿದೆ.

"ಕಾರ್ಡನ್ನೇ ತಾಗಿಸಿದ್ದು ನಾನು. ಮತ್ತೆ ಬಳೆ ತಾಗಿಸ್ತೇನಾ?"

ನಾನು ಆ ಹೆಂಗಸಿಗೆ ಮತ್ತೆ ಹೇಳಿದೆ, ಇದೇ ಕಾರ್ಡ್, ಕೋಲು ಎದ್ದಿತ್ತು, ನಾವು ಬಂದೆವು. ಅವರು ತಲೆ ಕೆರೆದುಕೊಂಡು, "ತಾ ಅಪಾ, ತಾ ಅಪಾ" ಎಂದರು. ಪರವಾಗಿಲ್ಲ ಎಂದರ್ಥ; ಈ ದೇಶದಲ್ಲಿ ನಾನು ಮೊದಲು ಕಲಿತ ಮಾತು. ಮೇಲಿನವರನ್ನು ಕೇಳಲೆಂದು ವಾಕಿಟಾಕಿ ತೆಗೆದು ಮಾತಾಡತೊಡಗಿದರು. ಬಿಸಿಲು ಸುಡುತ್ತಿತ್ತು. ಅವರ ಕೊಡೆ ಮಾತಿನ ಭರದಲ್ಲಿ ಒಂದು ಕಡೆ ವಾಲಿ, ನೆರಳು ಕಾರಿನ ಮೇಲೆ ಬಿದ್ದು ಅವರು ಬಿಸಿಲಿನಲ್ಲಿದ್ದರು.

"ಪಾಪ, ನಮ್ಮಿಂದಾಗಿ ಆ ಹೆಂಗಸಿಗೆ ಬಿಸಿಲು" ಎಂದ ಅಮ್ಮ ಡಬ್ಬಿಯ ಮುಚ್ಚಳ ತೆಗೆದು, ಕಿಟಕಿಯಿಂದ ಎರಡು ಚಕ್ಕುಲಿ ಹೊರಚಾಚಿದರು. "ತಕೊಳ್ಳಮ್ಮ, ತಿನ್ನು. ಮನೆಯಲ್ಲೇ ಮಾಡಿದ್ದು."

ವಾಕಿಟಾಕಿಯ ಹೆಂಗಸು ಮಾತು ನಿಲ್ಲಿಸಿ ಅಮ್ಮನನ್ನು ನೋಡಿದರು, ಚಕ್ಕುಲಿಯನ್ನು ನೋಡಿದರು. ಮುಖ ಅರಳಿತು. "ಮುರುಕ್ಕು!" ಎಂದರು. ಇಲ್ಲಿಯ ತಮಿಳರ ಅಂಗಡಿಗಳಿಂದಾಗಿ ಚಕ್ಕುಲಿ ಎಲ್ಲರಿಗೂ ಗೊತ್ತು, ಆ ಹೆಸರಿನಲ್ಲಿ. ತೆಗೆದುಕೊಂಡು ಜಾಕೆಟ್ಟಿನ ಕಿಸೆಗೆ ಹಾಕಿಕೊಂಡರು. ಆಮೇಲೆ ಅಮ್ಮ ಕನ್ನಡದಲ್ಲಿ, ಅವರು ಮಲಯದಲ್ಲಿ, ಏನೇನೋ ಮಾತಾಡಿಕೊಂಡರು. ಎಷ್ಟು ಮಕ್ಕಳು ಎಂದು ಅಮ್ಮ ಬೆರಳು ತೋರಿಸಿ ಕೇಳಿದ್ದು, ಆ ಹೆಂಗಸು ನಾಲ್ಕು ಬೆರಳು ಎತ್ತಿದ್ದು ಮಾತ್ರ ನನಗೆ ತಿಳಿಯಿತು.

ಅಷ್ಟರಲ್ಲಿ ಹಿಂದಿನ ಪಿಕಪ್ಪಿನ ಬಾಗಿಲು ತೆರೆಯಿತು. ಬನಿಯನ್ನೂ ಚಡ್ಡಿಯೂ ಹಾಕಿದ್ದ ಒಬ್ಬ ಚೀನೀ ಮುದುಕ ಇಳಿದು ನಮ್ಮ ಕಡೆ ಬಂದ. ಬಯ್ಯಲಿಕ್ಕೇ ಬಂದದ್ದೆಂದು ನಾನು ಸಿದ್ಧಳಾದೆ.

"ಅಯ್ಯೋ, ಮಶೀನ್ ಪ್ರಾಬ್ಲೆಮ್ ಆ?"

"ಸಾರಿ ಅಂಕಲ್. ಐ ಆಮ್ ವೆರಿ ಸಾರಿ."

"ನೆವರ್ ಮೈಂಡ್ ಲಾ. ಮೈ ರಂಬುಟಾನ್ ಆಲ್ಸೋ ನಾಟ್ ರನ್ನಿಂಗ್."

ಅವನ ಹಣ್ಣಿಗೂ ಅವಸರವಿರಲಿಲ್ಲ. ಕೈಯಲ್ಲಿದ್ದ ಒಂದು ಗೊಂಚಲು ರಂಬುಟಾನನ್ನು ಅಮ್ಮನ ಕಿಟಕಿಯೊಳಗೆ ತೂರಿಸಿದ. ಅಮ್ಮ ಒಂದು ಕೈಯಲ್ಲಿ ಅದನ್ನು ಹಿಡಿದು ಇನ್ನೊಂದು ಕೈಯಲ್ಲಿ ಅವನಿಗೂ ಚಕ್ಕುಲಿ ಕೊಟ್ಟರು. ಅವನು ಅಲ್ಲಿಯೇ ನಿಂತು ಕಟಕಟ ಕಡಿದು ತಿಂದ. ನಾನು ಇನ್ನೊಂದು ಸಲ ಸಾರಿ ಹೇಳುವುದನ್ನು ಬಿಟ್ಟೆ. ಹಿಂದಿನ ಕಾರುಗಳು ಒಂದೊಂದಾಗಿ ಪಕ್ಕದ ಸಾಲಿಗೆ ಸರಿದು ಹೋಗುತ್ತಿದ್ದವು. ಪಿಕಪ್ಪಿನ ಮುದುಕ ಮಾತ್ರ ಸರಿಯುವ ಯೋಚನೆಯಲ್ಲಿ ಇದ್ದಂತೆ ಕಾಣಲಿಲ್ಲ.

ಗೊಂಚಲಿನ ಎಲೆ ಮಗಳ ತೊಡೆಗೆ ತಾಗಿತು. ಅವಳು ಕಣ್ಣು ತೆರೆದು ಹೆಡ್‌ಫೋನ್ ತೆಗೆದಳು. ಅಷ್ಟು ಹೊತ್ತು ಹಾಡು ಕೇಳುತ್ತ ತೂಕಡಿಸುತ್ತಿದ್ದ ಅವಳಿಗೆ ಏನೂ ಗೊತ್ತಿರಲಿಲ್ಲ.

"ವೈ ಆರ್ ವಿ ಸ್ಟಾಪಿಂಗ್ ಹಿಯರ್?"

"ಗೇಟ್ ತೆಗೀತಾ ಇಲ್ಲ ಕಣೇ. ಈ ಕಾರ್ಡಲ್ಲಿ ನಾವು ಒಳಗೇ ಬಂದಿಲ್ಲ ಅಂತಿದೆ ಮಶೀನು."

ಅವಳು ಕಾರ್ಡನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. "ಆಫ್‌ಕೋರ್ಸ್ ಲಾ. ಅಜ್ಜಿ ಯೂಸ್ಡ್ ಮೈನ್."

"ಏನು?"

"ಮಾರ್ನಿಂಗ್. ಶಿ ವಾಸ್ ಸೇಯಿಂಗ್ ಕಾರ್ಡು, ಕಾರ್ಡು. ಸೋ ಐ ಗೇವ್ ಮೈ ಟ್ರೇನ್ ಕಾರ್ಡ್."

ನಗರದ ರೈಲಿಗೂ ಟೋಲಿಗೂ ಇಲ್ಲಿ ಒಂದೇ ಬಗೆಯ ಕಾರ್ಡ್ ನಡೆಯುತ್ತದೆ. ಮಗಳು ಶಾಲೆಗೆ ರೈಲಿನಲ್ಲಿ ಹೋಗುವುದರಿಂದ ಅವಳ ಹತ್ತಿರವೂ ಒಂದಿತ್ತು, ನೋಡಲು ನನ್ನದರಂತೆಯೇ. ಪರ್ಸಿನ ಜಿಪ್ಪು ಸಿಕ್ಕಿಕೊಂಡಾಗ ಅಮ್ಮ ಪಕ್ಕಕ್ಕೆ ಕೈ ಚಾಚಿದ್ದಾರೆ, ಇವಳು ಹೆಡ್‌ಫೋನ್ ತೆಗೆಯದೆ ತನ್ನದನ್ನು ಕೊಟ್ಟಿದ್ದಾಳೆ, ಅಮ್ಮ ತಾಗಿಸಿ ವಾಪಸ್ ಕೊಟ್ಟಿದ್ದಾರೆ. ಹೆದ್ದಾರಿಯೊಳಗೆ ಬಂದದ್ದು ಮಗಳ ಕಾರ್ಡ್. ಹೊರಹೋಗಲು ನಾವು ತೋರಿಸುತ್ತಿದ್ದದ್ದು ನನ್ನದು.

"ಅಮ್ಮಾ! ಹೇಳ್ಬಾರ್ದಾ?"

"ಹೇಳುದೆಂತ? ಕೇಳಿದ್ದಕ್ಕೆ ಇವಳು ಕೊಟ್ಟಳು, ಗೇಟು ತೆಗೀತು. ಕಾರ್ಡು ಕಾರ್ಡೇ ಅಲ್ವಾ?"

ನಾನು ಟೋಲಿನ ಹೆಂಗಸಿಗೆ ಮಗಳನ್ನು ತೋರಿಸಿ, ಅಮ್ಮನನ್ನು ತೋರಿಸಿ, ಎರಡು ಕಾರ್ಡುಗಳನ್ನೂ ಎತ್ತಿ ಹಿಡಿದು ವಿವರಿಸಿದೆ. ಅವರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದರು. ವಾಕಿಟಾಕಿಯಲ್ಲಿ ಅದನ್ನು ಹೇಳಲು ಹೋಗಿ ನಗು ತಡೆಯದೆ ಮಧ್ಯದಲ್ಲೇ ಬಿಟ್ಟರು. ಆ ಕಡೆಯಿಂದಲೂ ಯಾರೋ ನಕ್ಕದ್ದು ಕೇಳಿಸಿತು. ಚೀನೀ ಮುದುಕ ತೊಡೆ ತಟ್ಟಿಕೊಂಡ. ಅಮ್ಮನಿಗೆ ಇದರಲ್ಲಿ ನಗುವಂಥದ್ದೇನು ಎಂದು ಹೊಳೆಯದಿದ್ದರೂ ಎಲ್ಲರೂ ನಗುವುದನ್ನು ನೋಡಿ ಅವರೂ ನಕ್ಕರು. ಕೊನೆಗೆ ನನಗೂ ತಡೆಯಲಾಗಲಿಲ್ಲ. ಟೋಲ್ ಕಟ್ಟೆಯ ಮೇಲೆ ಕೈಯೂರಿ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಮಗಳ ಕಾರ್ಡನ್ನು ಅಮ್ಮನೇ ತಾಗಿಸಿದರು. ಆ ಹಕ್ಕನ್ನು ಅವರು ಯಾರಿಗೂ ಬಿಟ್ಟುಕೊಡುವಂತಿರಲಿಲ್ಲ. ಪೀಂ ಎಂದಿತು. ಕೋಲು ಎದ್ದಿತು. ಟೋಲಿನ ಹೆಂಗಸು ಕೈ ಬೀಸುತ್ತ "ನೆನೆಕ್ ಪಾಂದಾಯ್!" ಎಂದು ಕೂಗಿದರು.

"ಎಂತ ಹೇಳಿದ್ದು ಅವಳು?"

"ಅಜ್ಜಿ ಜಾಣೆ ಅಂತ."

"ಅದು ಸರಿಯೇ" ಎಂದರು ಅಮ್ಮ.

ಪೋರ್ಟ್ ಡಿಕ್ಸನ್‌ನಲ್ಲಿ ಕಾರು ನಿಲ್ಲಿಸಿ ಮರಗಳ ನಡುವಿನಿಂದ ಮರಳಿಗೆ ಇಳಿದೆವು. ಅಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದು ನೀರಿನವರೆಗೆ ನಡೆದರು. ಎಡಕ್ಕೂ ಬಲಕ್ಕೂ ತಿರುಗಿ ನೋಡಿದರು.

"ಇದೆಂತ ಮಾರಾಯ್ತಿ, ಕೆರೆಯ ಹಾಗೆ ಉಂಟು? ತೆರೆಯೇ ಇಲ್ವಲ್ಲ!"

ಅದು ಎರಡು ನೆಲಗಳ ನಡುವಿನ ಕಡಲು, ಆಚೆ ದಡದಲ್ಲಿ ಇಂಡೋನೇಶಿಯಾ, ಅದಕ್ಕೇ ಅಲೆ ಸಣ್ಣದು ಎಂದೆ. ಅಮ್ಮನಿಗೆ ಆ ವಿವರಣೆ ಸಾಲಲಿಲ್ಲ. ಬಗ್ಗಿ ನೀರು ಮುಟ್ಟಿ ನಾಲಿಗೆಗೆ ಇಟ್ಟುಕೊಂಡರು. "ಉಪ್ಪು ಉಂಟು. ಪರವಾಗಿಲ್ಲ" ಎಂದು ಒಪ್ಪಿಕೊಂಡರು. ಹಾಗೆ ಒಪ್ಪಿದ ಮೇಲೆ ಹೊರಡುವ ಮಾತೇ ಇಲ್ಲ. ಮಗಳ ಜೊತೆ ಮೊಣಕಾಲು ನೀರಿನಲ್ಲಿ ಆಚೆ ಈಚೆ ನಡೆದರು, ಚಿಪ್ಪು ಆರಿಸಿದರು. ಅಜ್ಜಿ ಕನ್ನಡದಲ್ಲಿ ಏನೋ ಕೇಳುವುದು, ಮೊಮ್ಮಗಳು ಇಂಗ್ಲಿಷಿನಲ್ಲಿ ಉತ್ತರಿಸುವುದು, ಇಬ್ಬರೂ ನಗುವುದು ನನಗೆ ದೂರದಿಂದ ಕೇಳುತ್ತಿತ್ತು. ನಾನು ನೆರಳಿನಲ್ಲಿ ಕೂತು ರಂಬುಟಾನ್ ಸುಲಿದೆ. ಕಾರಿನ ಕೀ ನನ್ನ ಕೈಚೀಲದಲ್ಲಿತ್ತು. ಇವರಿಬ್ಬರನ್ನೂ ಇಲ್ಲಿಗೆ ಕರೆದುಕೊಂಡು ಬಂದವಳು ನಾನು ಎಂದು ಮತ್ತೆ ಮತ್ತೆ ಅನ್ನಿಸಿ ಖುಷಿಯಾಗುತ್ತಿತ್ತು.

ಹೊರಡುವಾಗ ದಾರಿ ಬದಿಯಲ್ಲಿ ಮೀನು ಮಾರುವವರನ್ನು ಕಂಡು ಅಮ್ಮ ಕಾರು ನಿಲ್ಲಿಸಲು ಹೇಳಿದರು. ಐಸಿನ ಮೇಲೆ ಹರಡಿದ್ದ ಮೀನುಗಳಲ್ಲಿ ಒಂದನ್ನು ಎತ್ತಿ, ಕಿವಿರು ಬಿಡಿಸಿ ನೋಡಿ, "ಬಂಗುಡೆ! ನಮ್ಮ ಬಂಗುಡೆ!" ಎಂದು, ಬಸ್ ಸ್ಟ್ಯಾಂಡಿನಲ್ಲಿ ನೆಂಟರು ಸಿಕ್ಕಿದ ಹಾಗೆ ಸಂಭ್ರಮಪಟ್ಟರು. ಒಂದು ಚೀಲ ತುಂಬ ಕೊಂಡೆವು.

ಬಿಸಿಲಿನಲ್ಲೂ ನೀರಿನಲ್ಲೂ ಆಡಿ ದಣಿದ ಇಬ್ಬರೂ ವಾಪಸಾಗುವಾಗ ನಿದ್ದೆ ಹೋದರು. ಅಮ್ಮನ ತಲೆ ಕಿಟಕಿಗೆ, ಮಗಳ ತಲೆ ಅಮ್ಮನ ಹೆಗಲಿಗೆ. ಸೆರೆಂಬಾನ್‌ನಲ್ಲಿ ಮತ್ತೆ ಹೆದ್ದಾರಿ ಹತ್ತುವ ಟೋಲ್ ಕಂಡಿತು. ಅಮ್ಮನನ್ನು ಎಬ್ಬಿಸಬೇಕೆಂದು ಕನ್ನಡಿಯಲ್ಲಿ ನೋಡಿದೆ. ಬಾಯಿ ಸ್ವಲ್ಪ ತೆರೆದು ಮಲಗಿದ್ದರು. ಎಬ್ಬಿಸಲು ಮನಸ್ಸಾಗಲಿಲ್ಲ. ನನ್ನ ಕಾರ್ಡ್ ಟೋಲಿನ ಗಲಾಟೆಯಾದ ಮೇಲೆ ನನ್ನ ಹತ್ತಿರವೇ ಇತ್ತು.

ಗಾಜು ಇಳಿಸಿ ನಿಧಾನವಾಗಿ ಒಳಗೆ ಹೋದೆ. ಬಲಕ್ಕೆ, ಇನ್ನೂ ಸ್ವಲ್ಪ ಬಲಕ್ಕೆ. ಕಿವಿಯಲ್ಲಿ ಕಾರು ಕಲಿಸಿದವರ ಆ ಹಳೆಯ ಕೂಗು ಎದ್ದಿತು. ಟೈರು ಕಟ್ಟೆಯನ್ನು ಸವರಿತು. ಸರ್ ಎಂದು ಸದ್ದಾಯಿತು, ಅಷ್ಟೇ. ಕಾರು ಮಗುಚಲಿಲ್ಲ, ಯಾರೂ ಓಡಿ ಬರಲಿಲ್ಲ. ಯಂತ್ರ ನನ್ನ ಮೊಣಕೈಗೆ ಸಿಗುವಷ್ಟು ಹತ್ತಿರ ನಿಂತಿತ್ತು. ಕಾರ್ಡ್ ತಾಗಿಸಿದೆ. ಕೋಲು ಎದ್ದಿತು. ಹಿಂದೆ ಇಬ್ಬರೂ ಮಲಗಿಯೇ ಇದ್ದರು. ಇಷ್ಟು ದೊಡ್ಡ ಸಂಗತಿ ಯಾರಿಗೂ ಹೇಳದೆ ಮನೆಯವರೆಗೆ ಓಡಿಸಬೇಕಾದ್ದು ಮಾತ್ರ ಕಷ್ಟವಾಯಿತು.

ಮರುದಿನ ನಾನು ಬಂಗುಡೆಯ ಪುಳಿಮುಂಚಿಗೆ, ಅಂದರೆ ಹುಳಿಖಾರದ ಸಾರಿಗೆ, ಮಸಾಲೆ ಅರೆಯುತ್ತಿದ್ದೆ. ಅಮ್ಮ ಹಾಲ್‌ನಲ್ಲಿ ಕೂತು ಊರಿನಲ್ಲಿರುವ ತಂಗಿಗೆ, ಅಂದರೆ ನನ್ನ ಚಿಕ್ಕಮ್ಮನಿಗೆ, ಫೋನ್ ಮಾಡಿದರು.

"ಸಮುದ್ರ ಎಂತ, ಸಮುದ್ರ ನಮ್ಮದರ ಎದುರು ಏನಲ್ಲ. ಟೋಲಿಂದು ಕೇಳು ನೀನು. ಸರ್ಕಾರದವಳೇ ಕೊಡೆ ಹಿಡ್ಕೊಂಡು ನನ್ನ ಕಿಟಕಿ ಹತ್ರ ಬಂದಳು. ಹಿಂದಿನ ಗಾಡಿಯವ ಹಣ್ಣು ಕೊಟ್ಟ. ನಾನು ಚಕ್ಕುಲಿ ಕೊಟ್ಟೆ. ಎಲ್ಲರೂ ಎಷ್ಟು ಖುಷಿ! ಗೇಟು ನಾನೇ ತೆಗೆದದ್ದು."

ಗೇಟು ಯಾಕೆ ಮುಚ್ಚಿತ್ತು ಎಂದು ಚಿಕ್ಕಮ್ಮ ಕೇಳಿರಬೇಕು. "ಅದು ಅವರ ಮಶೀನಿನ ವಿಷಯ, ನಮಗೆಂತ ಗೊತ್ತು" ಎಂದು ಅಮ್ಮ ಮಾತು ತಿರುಗಿಸಿದರು.

ಸೋಮವಾರ ಗಂಡ ಬಂದರು. ಮೂವರೂ ಒಟ್ಟಿಗೆ ಕಥೆ ಹೇಳಿದೆವು, ಒಬ್ಬರ ಮಾತನ್ನು ಇನ್ನೊಬ್ಬರು ತಡೆಯುತ್ತ. ಕೇಳಿ ಮುಗಿದ ಮೇಲೆ ಅವರು, "ಸರಿ, ಇನ್ನು ತಡ ಮಾಡೋದು ಬೇಡ, ಈ ವಾರವೇ ನಿನ್ ಕಾರಿಗೂ ಸ್ಟಿಕ್ಕರ್ ಹಾಕಿಸ್ಬಿಡ್ತೀನಿ" ಎಂದರು.

"ನಾನು ಊರಿಗೆ ಹೋಗುವವರೆಗೆ ಬೇಡ" ಎಂದರು ಅಮ್ಮ, ಖಂಡಿತವಾಗಿ. "ಮತ್ತೆ ನಾನು ಹಿಂದೆ ಕೂತು ಎಂತ ಮಾಡುದು?"

ಸ್ಟಿಕ್ಕರ್ ಮಾತು ಅಲ್ಲಿಗೆ ನಿಂತಿತು. ಮುಂದಿನ ಶನಿವಾರ ಎಲ್ಲರೂ ಇನ್ನೂ ದೂರದ ಮಲಾಕ ಎಂಬ ಊರಿಗೆ ಹೋಗುವುದೆಂದಾಯಿತು, ಅದೂ ನನ್ನ ಸಣ್ಣ ಕಾರಿನಲ್ಲೇ. ಬೆಳಿಗ್ಗೆ ಗಂಡ ಅಭ್ಯಾಸಬಲದಿಂದ ಕೀಗೆ ಕೈ ಹಾಕಿದರು. ನಾನು ಅವರಿಗಿಂತ ಮೊದಲೇ ಅದನ್ನು ಎತ್ತಿಕೊಂಡೆ.

"ಅಷ್ಟು ದೂರ ಓಡಿಸ್ತೀಯಾ?"

"ಓಡಿಸ್ತೀನಿ. ನೀವು ಪಕ್ಕದಲ್ಲಿ ಕೂತ್ಕೊಳ್ಳಿ."

ಕೂತರು. ಮೊದಲ ತಿರುವಿನಿಂದಲೇ ತಮ್ಮ ಕಾಲ ಬಳಿ ಇಲ್ಲದ ಬ್ರೇಕನ್ನು ಒತ್ತತೊಡಗಿದರು. ಹಿಂದಿನಿಂದ ಅಮ್ಮ ಅದನ್ನು ನೋಡಿರಬೇಕು.

"ನೀವು ಬೇಕಾದ್ರೆ ಮಲಗಿ ಅಳಿಯಂದಿರೇ" ಎಂದರು, ಕಾರ್ಡನ್ನು ಸೆರಗಿಗೆ ಒರೆಸುತ್ತ. "ನಾವಿದ್ದೇವೆ ಅಲ್ವಾ."